143 ಪುಟ, ಒಂದು ತಿರುಗುಮುರುಗು ದಿನಾಂಕ: ರಸ್ತೆ ಯಾಕೆ ಮುಗಿದಿಲ್ಲ ಅಂತ ಎಐ ಹೇಳುತ್ತದೆಯೇ?

ಪ್ರಶ್ನೆ: ನಾನು ಬಾಗಲಕೋಟೆ ಜಿಲ್ಲೆಯ ಒಂದು ಪಟ್ಟಣದಲ್ಲಿ ಖಾನಾವಳಿ ನಡೆಸುತ್ತೇನೆ. ನಮ್ಮ ಮುಂದಿನ ರಸ್ತೆ ಮತ್ತು ಚರಂಡಿ ಕೆಲಸ ಒಂಬತ್ತು ತಿಂಗಳಲ್ಲಿ ಮುಗಿಯಬೇಕಿತ್ತು. ಎರಡು ವರ್ಷ ದಾಟಿದರೂ ಅರ್ಧಕ್ಕೇ ನಿಂತಿದೆ. ಪುರಸಭೆಯವರು ಗುತ್ತಿಗೆದಾರರ ಮೇಲೆ ಹಾಕುತ್ತಾರೆ. ಗುತ್ತಿಗೆದಾರರು ಬಿಲ್ ಆಗಿಲ್ಲ ಅನ್ನುತ್ತಾರೆ. ಆರ್‌ಟಿಐ ಹಾಕಿ 143 ಪುಟ ತಂದೆ. ನನ್ನ ಮಗಳು ಅದನ್ನೆಲ್ಲ ಸ್ಕ್ಯಾನ್ ಮಾಡಿ ಎಐಗೆ ಹಾಕಿದಳು. ‘ವಿಳಂಬಕ್ಕೆ ಗುತ್ತಿಗೆದಾರರ ನಿರ್ಲಕ್ಷ್ಯವೇ ಮುಖ್ಯ ಕಾರಣ’ ಅಂತ ಅದು ಒಂದು ಪುಟದ ವರದಿ ಕೊಟ್ಟಿದೆ. ಆ ವರದಿ ಮತ್ತು ಮುಖ್ಯ ಅನಿಸಿದ ಎಂಟು ಪುಟಗಳನ್ನು ಕಳಿಸಿದ್ದೇನೆ. ಇದನ್ನು ನಂಬಿ ಪತ್ರಿಕೆಯವರಿಗೆ ಕೊಡಬಹುದೇ?

ಉತ್ತರ: ಕೊಡಬೇಡಿ. ಈಗಲೇ ಬೇಡ. ನೀವು ಕಳಿಸಿದ ಎಂಟು ಪುಟ ನೋಡಿದ ಮೇಲೆ ಹೇಳುತ್ತಿದ್ದೇನೆ, ಆ ವರದಿಯ ಮೊದಲ ಅರ್ಧ ತಲೆಕೆಳಗಾಗಿದೆ.

ನಾನು ವರ್ಷಗಟ್ಟಲೆ ಲೆಕ್ಕಪರಿಶೋಧನೆ ಮಾಡಿದವನು. ನಿವೃತ್ತನಾಗಿ ಬೆಳಗಾವಿಯಲ್ಲಿ ಇದ್ದೇನೆ. ಈಗಲೂ ಯಾರಾದರೂ ಕಡತದ ಪ್ರತಿ ಹಿಡಿದು ಬಂದರೆ ಚಹಾ ಕೊಟ್ಟು ಕೂರಿಸುತ್ತೇನೆ. ಇಷ್ಟು ವರ್ಷದಲ್ಲಿ ಒಂದು ವಿಷಯ ಗೊತ್ತಾಗಿದೆ. ತಡ ಅನ್ನುವುದು ಯಾವ ಕಾಗದದಲ್ಲೂ ಬರೆದಿರುವುದಿಲ್ಲ. ಅದು ಎರಡು ಕಾಗದಗಳ ನಡುವಿನ ಖಾಲಿ ಜಾಗದಲ್ಲಿ ಇರುತ್ತದೆ. ಎಐ ಕಾಗದವನ್ನು ಓದುತ್ತದೆ. ಖಾಲಿ ಜಾಗ ಓದು ಅಂತ ನಾವು ಹೇಳದಿದ್ದರೆ ಅದು ಓದುವುದಿಲ್ಲ.

ನಿಮ್ಮ ಪುಟಗಳಿಗೇ ಬರೋಣ.

12ನೇ ಪುಟ ಕಾರ್ಯಾದೇಶ. ದಿನಾಂಕ 12-12-2022, ಅವಧಿ ಒಂಬತ್ತು ತಿಂಗಳು. ಅಂದರೆ 2023ರ ಸೆಪ್ಟೆಂಬರ್ 11ಕ್ಕೆ ಮುಗಿಯಬೇಕು. ಇದನ್ನು ಎಐ ಸರಿಯಾಗಿಯೇ ಓದಿದೆ.

31ನೇ ಪುಟ ಗುತ್ತಿಗೆದಾರರು ಪುರಸಭೆಗೆ ಬರೆದ ಪತ್ರ. ಚರಂಡಿ ಹೋಗುವ ದಾರಿಯಲ್ಲಿ 14 ವಿದ್ಯುತ್ ಕಂಬಗಳಿವೆ, ಸ್ಥಳಾಂತರ ಮಾಡಿಸಿಕೊಡಿ ಅಂತ. ಮೇಲೆ ದಿನಾಂಕ 05/01/2023. ನಮ್ಮಲ್ಲಿ ಇದು ಜನವರಿ 5. ನಿಮ್ಮ ಎಐ ಇದನ್ನು ಅಮೆರಿಕದವರ ರೀತಿ ತಿಂಗಳು ಮೊದಲು ಅಂತ ಓದಿ ಮೇ 1 ಮಾಡಿದೆ. ಹಾಗಾಗಿ ವರದಿಯಲ್ಲಿ, ‘ಗುತ್ತಿಗೆದಾರರು ಕಾರ್ಯಾದೇಶ ಪಡೆದು ನಾಲ್ಕೂವರೆ ತಿಂಗಳಾದ ಮೇಲೆ ಮೊದಲ ಬಾರಿ ಪತ್ರ ಬರೆದರು’ ಅಂತ ಬಂದಿದೆ. ನಿರ್ಲಕ್ಷ್ಯ ಅನ್ನುವ ತೀರ್ಪು ನಿಂತಿರುವುದೇ ಈ ಒಂದು ಸಾಲಿನ ಮೇಲೆ. ನಿಜ ಏನೆಂದರೆ ಅವರು 24 ದಿನಕ್ಕೇ ಬರೆದಿದ್ದಾರೆ.

ಮನುಷ್ಯ ಓದಿದ್ದರೆ ಇಲ್ಲಿ ಒಂದು ಕ್ಷಣ ನಿಲ್ಲುತ್ತಿದ್ದ. ಯಾಕೆಂದರೆ 44ನೇ ಪುಟದಲ್ಲಿ ಪುರಸಭೆಯವರು ಕಂಬದ ಬಗ್ಗೆ ವಿದ್ಯುತ್ ಕಂಪನಿಗೆ ಪತ್ರ ಬರೆದಿದ್ದಾರೆ, 18-04-2023ರಂದು. ಮೇ 1ರಂದು ಬರಬೇಕಾದ ದೂರಿಗೆ ಏಪ್ರಿಲ್ 18ಕ್ಕೇ ಕ್ರಮ ಹೇಗೆ? ಜತೆಗೆ ಮೇ 1 ಕಾರ್ಮಿಕರ ದಿನ, ಕಚೇರಿಗೆ ರಜೆ. ಅದಕ್ಕೂ ಮಿಗಿಲಾದ ಸಾಕ್ಷಿ ಅದೇ 31ನೇ ಪುಟದ ಮೂಲೆಯಲ್ಲಿದೆ. ನೇರಳೆ ಶಾಯಿಯ ದುಂಡು ಮೊಹರು, ಅರ್ಧ ಅಳಿಸಿದೆ. ಫೋನಿನಲ್ಲಿ ದೊಡ್ಡದು ಮಾಡಿ ನೋಡಿ. ‘ಆವಕ’ ಅಂತ ಇದೆ, ಕೆಳಗೆ 27 ಜನವರಿ 2023.

ಈ ಆವಕ ಮೊಹರನ್ನು ದಯವಿಟ್ಟು ಕಡೆಗಣಿಸಬೇಡಿ. ಪತ್ರದ ಮೇಲೆ ಬರೆಯುವ ದಿನಾಂಕವನ್ನು ಯಾರು ಬೇಕಾದರೂ ಹಾಕಬಹುದು. ಕಚೇರಿಗೆ ಅದು ಎಂದು ಬಂತು ಅನ್ನುವುದು ಮೊಹರಿನಲ್ಲಿ ಮತ್ತು ಆವಕ ವಹಿಯಲ್ಲಿ ಇರುತ್ತದೆ. ಹೊರಗೆ ಹೋಗುವ ಪತ್ರಕ್ಕೂ ಜಾವಕ ಸಂಖ್ಯೆ ಇರುತ್ತದೆ. ಆ ಸಂಖ್ಯೆಗಳು ಏರುತ್ತಾ ಹೋಗಬೇಕು. ಮಾರ್ಚ್ 3ರ ಪತ್ರಕ್ಕೆ 412, ಮಾರ್ಚ್ 20ರ ಪತ್ರಕ್ಕೆ 398 ಅಂತ ಇದ್ದರೆ ಯಾರೋ ಹಿಂದಿನ ದಿನಾಂಕ ಹಾಕಿ ಪತ್ರ ತಯಾರಿಸಿರಬಹುದು. ನಾವು ಆಡಿಟ್‌ಗೆ ಹೋದಾಗ ಮೊದಲು ಕೇಳುತ್ತಿದ್ದ ವಹಿಗಳಲ್ಲಿ ಇದೂ ಒಂದು. ಕೊಡುವವರ ಮುಖ ನೋಡಿದರೇ ಅರ್ಧ ವಿಷಯ ಗೊತ್ತಾಗುತ್ತಿತ್ತು.

ಈಗ ಖಾಲಿ ಜಾಗ ಲೆಕ್ಕ ಹಾಕಿ. ಜನವರಿ 27ಕ್ಕೆ ಪತ್ರ ಬಂತು. ಏಪ್ರಿಲ್ 18ಕ್ಕೆ ಮುಂದಿನ ಪತ್ರ ಹೋಯಿತು. ನಡುವೆ 81 ದಿನ. ಪುರಸಭೆಯಿಂದ ವಿದ್ಯುತ್ ಕಂಪನಿಯ ಕಚೇರಿಗೆ ನಡೆದುಕೊಂಡು ಹೋದರೂ ಅಷ್ಟು ಹೊತ್ತು ಬೇಡ. 58ನೇ ಪುಟದಲ್ಲಿ, ಜೂನ್ 2ಕ್ಕೆ, ಕಂಬ ಸ್ಥಳಾಂತರಕ್ಕೆ ಇಷ್ಟು ಠೇವಣಿ ಕಟ್ಟಿ ಅಂತ ಕಂಪನಿಯಿಂದ ಉತ್ತರ. 73ನೇ ಪುಟ ಜೂನ್ 19ರ ಟಿಪ್ಪಣಿ ಹಾಳೆ. ಅದರ ಒಂದು ಸಾಲನ್ನು ಇಲ್ಲೇ ಬರೆಯುತ್ತೇನೆ: ‘ಸದರಿ ಕಾಮಗಾರಿಯ ಅಂದಾಜು ಪಟ್ಟಿಯಲ್ಲಿ ವಿದ್ಯುತ್ ಕಂಬ ಸ್ಥಳಾಂತರಕ್ಕೆ ಅವಕಾಶ ಕಲ್ಪಿಸಿರುವುದಿಲ್ಲ. ಯಾವ ಲೆಕ್ಕ ಶೀರ್ಷಿಕೆಯಿಂದ ಭರಿಸಬೇಕೆಂಬ ಬಗ್ಗೆ ಆದೇಶ ಕೋರಿದೆ.’

ಅಂದರೆ ಕಂಬ ಸರಿಸುವ ದುಡ್ಡನ್ನು ಯಾವ ಬಾಬ್ತಿನಿಂದ ಕೊಡಬೇಕು ಅಂತ ಮೇಲಿನವರನ್ನು ಕೇಳಿದ್ದಾರೆ. ಇಡೀ ಕಡತದ ಜೀವ ಈ ಸಾಲಿನಲ್ಲಿದೆ. ರಸ್ತೆಗೆ ಅಂದಾಜು ಪಟ್ಟಿ ಮಾಡಿದವರು ಸ್ಥಳಕ್ಕೆ ಹೋಗಿ ಕಂಬ ಎಣಿಸಿಲ್ಲ. ಎಣಿಸಿದ್ದರೂ ಪಟ್ಟಿಗೆ ಹಾಕಿಲ್ಲ. ಹಾಕಿದ್ದರೆ ಮೊತ್ತ ಜಾಸ್ತಿಯಾಗುತ್ತಿತ್ತು, ಮಂಜೂರಾತಿಗೆ ಇನ್ನೊಂದು ಮೆಟ್ಟಿಲು ಹತ್ತಬೇಕಾಗುತ್ತಿತ್ತು ಅನ್ನುವುದು ಒಂದು ಕಾರಣ ಇರಬಹುದು. ಕಂಬ, ನೀರಿನ ಪೈಪು, ಒಳಚರಂಡಿ ಕೊಳವೆ, ಮರ, ಯಾರದೋ ಮನೆಯ ಕಟ್ಟೆ. ಊರೊಳಗಿನ ರಸ್ತೆ ಕೆಲಸಗಳು ಇವುಗಳ ಮುಂದೆಯೇ ಬಂದು ನಿಲ್ಲುತ್ತವೆ. ಇದು ನಾನು ಮತ್ತೆ ಮತ್ತೆ ನೋಡಿದ್ದು.

ದೊಡ್ಡ ಕೆಲಸಗಳಲ್ಲೂ ಬೇರೆ ಕಥೆಯೇನಲ್ಲ. ಬಾಗಲಕೋಟೆ–ಕುಡಚಿ ರೈಲು ಮಾರ್ಗ ಸುಮಾರು 142 ಕಿ.ಮೀ., 2010-11ರಲ್ಲಿ ಮಂಜೂರಾದದ್ದು. ಹಳಿ ಹಾಕುವುದಕ್ಕಿಂತ ಭೂಮಿ ಸಿಗುವುದೇ ತಡವಾಯಿತು. ವಿಜಯಪುರ ವಿಮಾನ ನಿಲ್ದಾಣಕ್ಕೆ 2021ರ ಫೆಬ್ರವರಿಯಲ್ಲಿ ಕೆಲಸ ಶುರುವಾದಾಗ ಚಿಕ್ಕ ಎಟಿಆರ್ ವಿಮಾನಗಳ ಲೆಕ್ಕವಿತ್ತು. ಆಮೇಲೆ ಏರ್‌ಬಸ್ ಇಳಿಯುವ ಹಾಗೆ ರನ್‌ವೇ ಬದಲಾಯಿತು. ನಡುವೆ ಯೋಜನೆಯೇ ಬದಲಾದರೆ ಹಳೆಯ ಗಡುವಿಗೆ ಅರ್ಥವಿಲ್ಲ ಅಲ್ವಾ? ‘ತಡ’ ಅನ್ನುವ ಮೊದಲು, ಯಾವ ಗಡುವಿಗೆ ಹೋಲಿಸಿ ತಡ ಅಂತ ಕೇಳಬೇಕು.

ಹಾಗಂತ ನಿಮ್ಮ ಗುತ್ತಿಗೆದಾರರು ಪೂರ್ತಿ ಸಾಚಾ ಅಂತ ನಾನು ಹೇಳುತ್ತಿಲ್ಲ. 102ನೇ ಪುಟ ಎಂ.ಬಿ., ಅಂದರೆ ಅಳತೆ ಪುಸ್ತಕದ ಪ್ರತಿ. ಮೊದಲ ಅಳತೆ 08-03-2024ರಂದು, ಚರಂಡಿ 210 ಮೀಟರ್. ಅಲ್ಲಿಂದ ಮುಂದೆ ಡಿಸೆಂಬರ್‌ವರೆಗೆ ಎಂ.ಬಿ.ಯಲ್ಲಿ ಒಂದು ಸಾಲೂ ಇಲ್ಲ. 119ನೇ ಪುಟ ಅವಧಿ ವಿಸ್ತರಣೆ ಕೋರಿದ ಅರ್ಜಿ. ಕಾರಣ ಎರಡು: ಲೋಕಸಭಾ ಚುನಾವಣೆ ನೀತಿ ಸಂಹಿತೆ, ಮತ್ತು ‘ಅತಿಯಾದ ಮಳೆ’.

ನೀತಿ ಸಂಹಿತೆಯ ನೆಪ ನಿಲ್ಲುವುದಿಲ್ಲ. ಸಂಹಿತೆ ಜಾರಿಗೆ ಬಂದದ್ದು 2024ರ ಮಾರ್ಚ್ 16ರಂದು. ನಿಮ್ಮ ಚರಂಡಿ ಅಷ್ಟರಲ್ಲಿ 210 ಮೀಟರ್ ಆಗಿತ್ತು. ನೆಲದ ಮೇಲೆ ಆಗಲೇ ಶುರುವಾದ ಕೆಲಸವನ್ನು ಸಂಹಿತೆ ತಡೆಯುವುದಿಲ್ಲ. ಕಾರ್ಯಾದೇಶ ಕೊಟ್ಟಿದ್ದರೂ ಶುರುವಾಗಿರದ ಕೆಲಸವನ್ನು ಮಾತ್ರ ಆಗ ಶುರು ಮಾಡುವಂತಿಲ್ಲ. ಮುಗಿದ ಕೆಲಸಕ್ಕೆ ಹಣ ಕೊಡುವುದಕ್ಕೂ ಅಡ್ಡಿಯಿಲ್ಲ. ಚುನಾವಣೆ ಬಂದಾಗ ಗುತ್ತಿಗೆದಾರರೂ ಅಧಿಕಾರಿಗಳೂ ಸೇರಿ ಆರಾಮಾಗಿ ಬಳಸಿಕೊಳ್ಳುವ ಕಾರಣ ಇದು. ಕೇಳುವವರು ಕಡಿಮೆ ಅಷ್ಟೇ.

ಮಳೆಯ ವಿಷಯ ಪರೀಕ್ಷೆ ಮಾಡಲು ಬರುತ್ತದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆ ಮಾಪಕಗಳು ಹೋಬಳಿ, ಪಂಚಾಯಿತಿ ಮಟ್ಟದಲ್ಲೂ ಇವೆ. ನಿಮ್ಮ ಹೋಬಳಿಯ ದಿನವಾರು ಮಳೆ ಕೇಳಿ ಪಡೆಯಿರಿ. ಅರ್ಜಿಯಲ್ಲಿ ಅವರು ಹೇಳಿದ ತಿಂಗಳುಗಳಲ್ಲಿ ನಿಜವಾಗಿ ಎಷ್ಟು ದಿನ ಕೆಲಸ ಮಾಡಲಾಗದಷ್ಟು ಮಳೆ ಬಂತು, ಎಣಿಸಿ. ಖಾನಾಪುರದ ಕಣಕುಂಬಿ ಕಡೆಯವರು ಮಳೆಯ ಕಾರಣ ಕೊಟ್ಟರೆ ನಾನು ಸುಮ್ಮನೆ ತಲೆಯಾಡಿಸುತ್ತೇನೆ. ಇಂಡಿ, ಬಾಗಲಕೋಟೆ ಕಡೆಯವರು ನಾಲ್ಕು ತಿಂಗಳ ಮಳೆ ಅಂದರೆ ಕನ್ನಡಕ ಹಾಕಿಕೊಳ್ಳುತ್ತೇನೆ. ಆದರೆ ಎಚ್ಚರ, 2019ರ ಆಗಸ್ಟ್‌ನಂಥ ವರ್ಷಗಳೂ ಇವೆ. ಆಗ ಮಹಾರಾಷ್ಟ್ರದಲ್ಲಿ ಸುರಿದ ಮಳೆಗೆ ನಮ್ಮ ನದಿ ದಂಡೆಯ ಊರುಗಳು ಮುಳುಗಿದ್ದವು. ಹಾಗಾಗಿ ಮಳೆ ಲೆಕ್ಕದ ಜತೆ ನೆರೆಯ ಲೆಕ್ಕವನ್ನೂ ನೋಡಿ.

‘ಬಿಲ್ ಆಗಿಲ್ಲ’ ಅನ್ನುವ ಮಾತನ್ನು ಹಾಗೇ ತಳ್ಳಿಹಾಕಬೇಡಿ. ಅದು ಎಷ್ಟೋ ಸಲ ನಿಜ. ಮಾರ್ಚ್ 8ಕ್ಕೆ ಅಳತೆಯಾಗಿದೆ ಅಂದರೆ ಆರ್‌ಎ ಬಿಲ್ (ಅಷ್ಟರವರೆಗೆ ಆದ ಕೆಲಸದ ಬಿಲ್) ಯಾವತ್ತು ಸಲ್ಲಿಸಿದರು, ಎಂದು ಪಾಸಾಯಿತು, ಚೆಕ್ ಅಥವಾ ಪಾವತಿ ಆದೇಶ ಎಂದು ಹೋಯಿತು ಅನ್ನುವ ಮೂರು ದಿನಾಂಕ ಬೇಕು. ನಿಮ್ಮ ಎಂಟು ಪುಟದಲ್ಲಿ ಇವು ಇಲ್ಲ. ಉಳಿದ 135ರಲ್ಲಿ ಹುಡುಕಿ.

ಇನ್ನು ಎಐ ಹೇಗೆ ಬಳಸಬೇಕು ಅನ್ನುವುದಕ್ಕೆ ಬರುತ್ತೇನೆ. ಮಗಳ ಮೇಲೆ ಸಿಟ್ಟಾಗಬೇಡಿ. 143 ಪುಟ ಸ್ಕ್ಯಾನ್ ಮಾಡಿದ್ದೇ ದೊಡ್ಡ ಕೆಲಸ. ಅವಳು ಕೇಳಿದ ಪ್ರಶ್ನೆ ತಪ್ಪಿತ್ತು, ಅಷ್ಟೇ. ‘ತಡಕ್ಕೆ ಯಾರು ಕಾರಣ?’ ಅಂತ ಕೇಳಿದರೆ ಯಂತ್ರ ಯಾರನ್ನಾದರೂ ಹಿಡಿದು ಕೊಡುತ್ತದೆ. ಗೊತ್ತಿಲ್ಲ ಅನ್ನುವ ಅಭ್ಯಾಸ ಅದಕ್ಕೆ ಕಡಿಮೆ. ಹೀಗೆ ಕೇಳಿ ನೋಡಲಿ:

‘ಈ ಪುಟಗಳಲ್ಲಿ ಇರುವ ಪ್ರತಿಯೊಂದು ದಿನಾಂಕವನ್ನು ಒಂದು ಪಟ್ಟಿಗೆ ಹಾಕು. ಪುಟ ಸಂಖ್ಯೆ, ಪತ್ರ ಯಾರಿಂದ ಯಾರಿಗೆ, ಪತ್ರದ ದಿನಾಂಕ, ಆವಕ ಮೊಹರಿನ ದಿನಾಂಕ, ಜಾವಕ ಸಂಖ್ಯೆ, ವಿಷಯ ಒಂದು ಸಾಲಿನಲ್ಲಿ. ದಿನಾಂಕಗಳೆಲ್ಲ ದಿನ-ತಿಂಗಳು-ವರ್ಷ ಕ್ರಮದಲ್ಲಿವೆ. ಓದಲು ಬಾರದಿದ್ದರೆ ಓದಲಾಗಲಿಲ್ಲ ಎಂದು ಬರೆ, ಊಹಿಸಬೇಡ. ಕಾರಣ ಹೇಳಬೇಡ, ತೀರ್ಪು ಕೊಡಬೇಡ.’

ಪಟ್ಟಿ ಬಂದ ಮೇಲೆ ದಿನಾಂಕದ ಪ್ರಕಾರ ಜೋಡಿಸಿ, ಎರಡು ಸಾಲುಗಳ ನಡುವೆ ಎಷ್ಟು ದಿನ ಅಂತ ಎಕ್ಸೆಲ್‌ನಲ್ಲಿ ಲೆಕ್ಕ ಹಾಕಲಿ. ದಿನ ಎಣಿಸುವ ಕೆಲಸವನ್ನು ಚಾಟ್‌ಬಾಟ್‌ಗೆ ಬಿಡಬೇಡಿ. ಅದಕ್ಕೆ ಎಕ್ಸೆಲ್ಲೇ ವಾಸಿ. 30 ದಿನ ದಾಟಿದ ಅಂತರಗಳಿಗೆ ಬಣ್ಣ ಹಚ್ಚಿ. 143 ಪುಟದ ಕಡತದಲ್ಲಿ ಹಾಗೆ ಬಣ್ಣ ಹಚ್ಚುವ ಸಾಲುಗಳು ಏಳೆಂಟು ಸಿಗಬಹುದು, ಜಾಸ್ತಿ ಅಲ್ಲ. ಆ ಪುಟಗಳನ್ನು ಮಾತ್ರ ನೀವು ಕೈಯಲ್ಲಿ ಹಿಡಿದು, ಕಣ್ಣಿನಿಂದ ಓದಬೇಕು. ಎಐನಿಂದ ಸಿಗುವ ನಿಜವಾದ ಲಾಭ ಇದೇ. ನಾಲ್ಕು ದಿನ ಓದುವುದನ್ನು ಒಂದು ಸಂಜೆಗೆ ಇಳಿಸುತ್ತದೆ. ನೋಟ್‌ಬುಕ್‌ಎಲ್‌ಎಂನಂಥ ಸಾಧನಗಳು ಪ್ರತಿ ಉತ್ತರದ ಪಕ್ಕ ಮೂಲ ದಾಖಲೆಯ ಯಾವ ಭಾಗದಿಂದ ತೆಗೆದದ್ದು ಅಂತಲೂ ತೋರಿಸುತ್ತವೆ. ಪುಟ ತೋರಿಸದ ಉತ್ತರವನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ.

ಕನ್ನಡ ದಾಖಲೆಗಳಲ್ಲಿ ಎರಡು ಹಳ್ಳಗಳಿವೆ. ನಾನೇ ಎರಡರಲ್ಲೂ ಬಿದ್ದಿದ್ದೇನೆ.

ಒಂದು ನುಡಿ ಹಳ್ಳ. ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿದ ಪಿಡಿಎಫ್ ಕಣ್ಣಿಗೆ ಚೆಂದದ ಕನ್ನಡವಾಗಿ ಕಾಣುತ್ತದೆ. ಕಾಪಿ ಮಾಡಿ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಮೇಲೆ ಕೊಂಬು, ಚುಕ್ಕೆ ಇಟ್ಟ ಹಾಗೆ ಏನೇನೋ ಬರುತ್ತದೆ. ಎಐಗೂ ಒಳಗೆ ಕಾಣುವುದು ಅದೇ ಗೊಜ್ಜು. ಕೆಲವು ಸಲ ಅದು ಆ ಗೊಜ್ಜಿನಿಂದಲೇ ಅರ್ಥ ಹುಟ್ಟಿಸುತ್ತದೆ, ಅದು ಇನ್ನೂ ಅಪಾಯ. ಅಂಥ ಕಡತವನ್ನು ಯೂನಿಕೋಡ್‌ಗೆ ಪರಿವರ್ತಿಸಿ ಹಾಕಬೇಕು. ಇಲ್ಲದಿದ್ದರೆ ಪುಟವನ್ನು ಚಿತ್ರವಾಗಿ ಮಾಡಿ ಓದಿಸಬೇಕು.

ಇನ್ನೊಂದು ಅಂಕಿಗಳದ್ದು. ಕನ್ನಡದ ೬ ಮತ್ತು ೯ ಯಂತ್ರಕ್ಕೆ ಅಣ್ಣತಮ್ಮಂದಿರ ಹಾಗೆ. ಜೆರಾಕ್ಸ್‌ನ ಜೆರಾಕ್ಸ್ ಆದರೆ ನಮಗೂ ಹಾಗೇ. ಸೊನ್ನೆ ೦ ಮತ್ತು ಅನುಸ್ವಾರ ಂ ಅದಲುಬದಲಾಗುತ್ತವೆ. ಒಮ್ಮೆ ಗೆಳೆಯರೊಬ್ಬರ ಜತೆ ಒಂದು ಚಿಕ್ಕ ಕಚೇರಿಯ ಕಡತ ನೋಡುತ್ತಿದ್ದೆ. ಎಂ.ಬಿ.ಯಲ್ಲಿ ೧೬ ಲಕ್ಷ, ಬಿಲ್‌ನಲ್ಲಿ 19 ಲಕ್ಷ ಅಂತ ಎಐ ಪಟ್ಟಿ ತೋರಿಸಿತು. ಮೂರು ಲಕ್ಷ ಹೆಚ್ಚು ಪಾವತಿ! ಗೆಳೆಯರು ಅವತ್ತು ರಾತ್ರಿಯೇ ವಾಟ್ಸ್ಆ್ಯಪ್ ಗುಂಪಿಗೆ ಹಾಕಲು ಸಿದ್ಧರಾಗಿದ್ದರು. ಬೆಳಿಗ್ಗೆ ನೋಡೋಣ ಅಂದೆ. ಬೆಳಿಗ್ಗೆ ಬಿಸಿಲಿಗೆ ಹಿಡಿದು ನೋಡಿದರೆ ಅದು ೧೯. ಎಂ.ಬಿ. ಬರೆದವರ ಕೈಬರಹದಲ್ಲಿ ೯ರ ಬಾಲ ಚಿಕ್ಕದಾಗಿತ್ತು. ಎಲ್ಲ ಸರಿಯಾಗಿತ್ತು. ರಾತ್ರಿಯೇ ಹಾಕಿದ್ದರೆ ಒಬ್ಬ ಕಿರಿಯ ಎಂಜಿನಿಯರ್ ಊರಲ್ಲಿ ತಲೆ ಎತ್ತಿ ಓಡಾಡುವ ಹಾಗಿರಲಿಲ್ಲ. ಅಂದಿನಿಂದ ನನ್ನ ನಿಯಮ: ಹಣದ ಅಂಕಿ ಯಾವುದೇ ಇರಲಿ, ಅಕ್ಷರದಲ್ಲಿ ಬರೆದದ್ದರ ಜತೆ ತಾಳೆ ನೋಡದೆ ನಂಬುವುದಿಲ್ಲ.

ಊರಿನ ಹೆಸರೂ ತೊಂದರೆ ಕೊಡುತ್ತದೆ. 2014ರ ನವೆಂಬರ್ 1ಕ್ಕೆ ಮುಂಚಿನ ಇಂಗ್ಲಿಷ್ ದಾಖಲೆಗಳಲ್ಲಿ ಬೆಳಗಾವಿ ಬೆಲ್ಗಾಂ, ವಿಜಯಪುರ ಬಿಜಾಪುರ. ಬಾಗಲಕೋಟೆ ಜಿಲ್ಲೆ ಆದದ್ದೇ 1997ರಲ್ಲಿ, ಅದಕ್ಕೂ ಹಿಂದಿನದು ಬಿಜಾಪುರದ ಲೆಕ್ಕ. ಇಳಕಲ್, ಗುಳೇದಗುಡ್ಡ, ರಬಕವಿ-ಬನಹಟ್ಟಿ ಈಚೆಗೆ ತಾಲ್ಲೂಕಾದವು. ಹಳೆಯ ಕಾಮಗಾರಿಗಳು ಹುನಗುಂದ, ಬಾದಾಮಿ, ಜಮಖಂಡಿ ಹೆಸರಿನಲ್ಲಿ ಸಿಗುತ್ತವೆ. ‘ದಾಖಲೆ ಇಲ್ಲ’ ಅಂತ ಎಐ ಹೇಳಿದರೆ ಹಳೆಯ ಹೆಸರು ಹಾಕಿ ಇನ್ನೊಮ್ಮೆ ಹುಡುಕಿಸಿ.

ಒಂದು ಮಾತು ಮರೆಯುವ ಮುಂಚೆ: ಕಡತದಲ್ಲಿ ಗುತ್ತಿಗೆದಾರರ ಪ್ಯಾನ್, ಬ್ಯಾಂಕ್ ಖಾತೆ, ಫೋನ್ ನಂಬರ್ ಇರುತ್ತವೆ. ಎಐಗೆ ಹಾಕುವ ಮುಂಚೆ ಕಪ್ಪು ಪಟ್ಟಿ ಹಚ್ಚಿ ಮುಚ್ಚಿಬಿಡಿ. ನರೇಗಾ ಕಡತವಾದರೆ ಕೂಲಿಕಾರರ ಹೆಸರು, ಖಾತೆ ಎಲ್ಲವೂ.

ಆರ್‌ಟಿಐ ಹಾಕದೆಯೂ ಸಿಗುವ ದಾಖಲೆಗಳು ಎಷ್ಟೋ ಇವೆ. ಜನ ಅವನ್ನು ಬಿಟ್ಟು ನೇರ ಅರ್ಜಿ ಬರೆಯಲು ಕೂರುತ್ತಾರೆ. ಟೆಂಡರ್ ಪ್ರಕಟಣೆ, ಅಂದಾಜು ಮೊತ್ತ, ಎಷ್ಟನೇ ಕರೆಯಲ್ಲಿ ಯಾರಿಗೆ ಸಿಕ್ಕಿತು ಅನ್ನುವುದು ರಾಜ್ಯದ ಟೆಂಡರ್ ಜಾಲತಾಣ ಕೆಪಿಪಿಪಿಯಲ್ಲಿ ಇರುತ್ತದೆ. ಹಳೆಯವು ಹಿಂದಿನ ಇ-ಪ್ರೊಕ್ಯೂರ್‌ಮೆಂಟ್ ತಾಣದಲ್ಲಿ. ಮೂರು ಸಲ ಟೆಂಡರ್ ಕರೆದರೂ ಯಾರೂ ಬರಲಿಲ್ಲ ಅಂತ ಗೊತ್ತಾದರೆ ತಡದ ಕಥೆ ಅಲ್ಲೇ ಬೇರೆಯಾಗುತ್ತದೆ. ಪುರಸಭೆಯ ಸಾಮಾನ್ಯ ಸಭೆಯ ನಡಾವಳಿ, ಕೆಡಿಪಿ ಸಭೆಯ (ಸರ್ಕಾರಿ ಕೆಲಸಗಳ ಪ್ರಗತಿ ಪರಿಶೀಲಿಸುವ ಸಭೆ) ಪ್ರಗತಿ ವರದಿ ಇವೂ ಸಾರ್ವಜನಿಕವೇ. ಕೆಡಿಪಿ ವರದಿ ನನಗೆ ಭಾರಿ ಇಷ್ಟ. ಒಂದೇ ಕಾಮಗಾರಿಗೆ ಆರು ತಿಂಗಳ ವರದಿ ಒಟ್ಟಿಗೆ ಇಟ್ಟು ನೋಡಿ. ‘ಪ್ರಗತಿಯಲ್ಲಿದೆ, ಶೇ 60’ ಅನ್ನುವ ಸಾಲು ಒಂದು ಅಕ್ಷರ ಬದಲಾಗದೆ ಆರು ಸಲ ಕೂತಿರುವುದು ಸಿಗುತ್ತದೆ. ಹಳೆಯದನ್ನೇ ಅಂಟಿಸಿದ ಸಾಲುಗಳನ್ನು ಹುಡುಕಿಕೊಡು ಅಂದರೆ ಎಐ ಈ ಕೆಲಸವನ್ನು ಚೆನ್ನಾಗಿ ಮಾಡುತ್ತದೆ.

ವಿಧಾನಸಭೆಯ ಪ್ರಶ್ನೋತ್ತರವನ್ನು ಯಾರೂ ನೋಡುವುದೇ ಇಲ್ಲ. ಶಾಸಕರು ಕೇಳಿದ ಪ್ರಶ್ನೆಗೆ ಸಚಿವರು ಕೊಟ್ಟ ಲಿಖಿತ ಉತ್ತರ, ಅದರ ಅನುಬಂಧದಲ್ಲಿ ಕಾಮಗಾರಿಗಳ ಪಟ್ಟಿ, ಮೊತ್ತ, ಹಂತ ಎಲ್ಲ ಇರುತ್ತವೆ. ವಿಧಾನಸಭೆಯ ಜಾಲತಾಣದಲ್ಲಿ ಸಿಗುತ್ತವೆ. ಚಳಿಗಾಲದ ಅಧಿವೇಶನ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ನಡೆಯುವಾಗ ನಮ್ಮ ಭಾಗದ ಪ್ರಶ್ನೆಗಳೇ ಹೆಚ್ಚು ಬರುತ್ತವೆ. ನಿಮ್ಮ ಶಾಸಕರು ಯಾವ ಪಕ್ಷದವರಾದರೂ ಸರಿ, ಒಂದು ಪ್ರಶ್ನೆ ಹಾಕಿಸಲು ಕೇಳಿ ನೋಡಿ. ಆರ್‌ಟಿಐಗೆ ‘ಲಭ್ಯವಿಲ್ಲ’ ಅಂದವರು ಸದನಕ್ಕೆ ಹಾಗೆ ಅನ್ನಲು ಹಿಂದೆ ಮುಂದೆ ನೋಡುತ್ತಾರೆ.

ಉಪಗ್ರಹದ ಚಿತ್ರ ನೋಡಿ ತಡ ಕಂಡುಹಿಡಿಯಬಹುದು ಅಂತ ಮಗಳು ಎಲ್ಲೋ ಓದಿರಬಹುದು. ಕೆರೆ, ಬಡಾವಣೆ, ದೊಡ್ಡ ಕಟ್ಟಡಕ್ಕೆ ಆಗುತ್ತದೆ. ಉಚಿತವಾಗಿ ಸಿಗುವ ಸೆಂಟಿನೆಲ್-2 ಚಿತ್ರದಲ್ಲಿ ಒಂದು ಚುಕ್ಕೆ ಅಂದರೆ 10 ಮೀಟರ್. ನಿಮ್ಮ ಚರಂಡಿ ಅದರಲ್ಲಿ ಕಾಣಲ್ಲ. ನಿಮ್ಮ ಖಾನಾವಳಿ ಗೋಡೆಗೆ ನಿಂತು, ಒಂದೇ ಜಾಗದಿಂದ, ಪ್ರತಿ ಸೋಮವಾರ ಒಂದು ಫೋಟೋ ತೆಗೆದಿಡಿ. ಯಾವ ಉಪಗ್ರಹವೂ ಕೊಡದ ಸಾಕ್ಷಿ ಅದು.

ಮುಂದಿನ ಆರ್‌ಟಿಐ ಬಗ್ಗೆ. ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿ ಒಂದೇ ವಿಷಯಕ್ಕೆ, 150 ಪದದ ಒಳಗೆ ಇರಬೇಕು. ಕನ್ನಡದಲ್ಲೇ ಬರೆಯಿರಿ. ಇಂಗ್ಲಿಷ್‌ನವರು ನಾಲ್ಕು ಪದದಲ್ಲಿ ಹೇಳುವುದನ್ನು ನಾವು ‘ಪಾವತಿಸಲಾಗಿದೆಯೇ’ ಅಂತ ಒಂದರಲ್ಲಿ ಮುಗಿಸುತ್ತೇವೆ. 150 ಪದ ನಮಗೆ ಧಾರಾಳ. ಶುಲ್ಕ 10 ರೂಪಾಯಿ. ರಾಜ್ಯದ ಆನ್‌ಲೈನ್ ಆರ್‌ಟಿಐ ತಾಣವೂ ಇದೆ. 30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಅಥವಾ ಸಮಾಧಾನವಾಗದಿದ್ದರೆ 30 ದಿನದೊಳಗೆ ಮೊದಲ ಮೇಲ್ಮನವಿ, ಆಮೇಲೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ. ಆಯೋಗದ ಪೀಠ ಬೆಳಗಾವಿಯಲ್ಲೇ ಇದೆ, ಬೆಂಗಳೂರಿಗೆ ರಾತ್ರಿ ಬಸ್ ಹತ್ತುವ ತಾಪತ್ರಯವಿಲ್ಲ. ತಡ ಮಾಡಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿವರೆಗೆ ದಂಡ ಹಾಕಲು ಆಯೋಗಕ್ಕೆ ಅಧಿಕಾರವಿದೆ.

ಅರ್ಜಿಯಲ್ಲಿ ‘ಯಾಕೆ ತಡವಾಯಿತು’ ಅಂತ ಕೇಳಬೇಡಿ. ಕಾರಣ ವಿವರಿಸುವುದು ಮಾಹಿತಿಯಲ್ಲ ಅಂತ ವಾಪಸ್ ಕಳಿಸುತ್ತಾರೆ. ದಾಖಲೆಯ ಹೆಸರು ಹಿಡಿದು ಕೇಳಿ: ಟಿಪ್ಪಣಿ ಹಾಳೆಗಳು, ಆವಕ ಜಾವಕ ವಹಿಯ ಸಂಬಂಧಪಟ್ಟ ಪುಟಗಳು, ಸ್ಥಳ ಹಸ್ತಾಂತರ ಪತ್ರ, ಅವಧಿ ವಿಸ್ತರಣೆ ಆದೇಶ, ವಿಧಿಸಿದ ದಂಡದ ವಿವರ. ಇನ್ನೊಂದು ಹಕ್ಕಿದೆ, ಬಹಳ ಜನಕ್ಕೆ ಗೊತ್ತಿಲ್ಲ. ಕಾಯ್ದೆಯ ಸೆಕ್ಷನ್ 2(ಜೆ) ಪ್ರಕಾರ ದಾಖಲೆಗಳನ್ನಷ್ಟೇ ಅಲ್ಲ, ಕಾಮಗಾರಿಯನ್ನೇ ಪರಿಶೀಲಿಸಲು, ಬಳಸಿದ ಸಾಮಗ್ರಿಯ ಪ್ರಮಾಣೀಕೃತ ಮಾದರಿ ಪಡೆಯಲು ಅವಕಾಶವಿದೆ. ಅಂದರೆ ಚರಂಡಿಯ ಕಾಂಕ್ರೀಟಿನ ತುಂಡನ್ನೂ ಕೇಳಬಹುದು. ಒಬ್ಬರು ಹಾಗೆ ಕೇಳಿದ ಕೂಡಲೇ ‘ಸರ, ಮುಂದಿನ ತಿಂಗಳ ಮುಗಿಸಿ ಕೊಡತೇವ್ರಿ’ ಅಂತ ಗುತ್ತಿಗೆದಾರರು ಅವರ ಮನೆಗೇ ಬಂದಿದ್ದರು. ಮುಂದಿನ ತಿಂಗಳು ಮುಗಿಯಲಿಲ್ಲ, ಆ ಮಾತು ಬೇರೆ.

ಪತ್ರಿಕೆಗೆ ಕೊಡುವುದಾದರೆ ‘ನಿರ್ಲಕ್ಷ್ಯ’, ‘ಅವ್ಯವಹಾರ’ ಅನ್ನುವ ಪದಗಳನ್ನು ನೀವು ಬಳಸಬೇಡಿ. ದಿನಾಂಕದ ಪಟ್ಟಿ ಕೊಡಿ. ಕೊಡುವ ಮುಂಚೆ ಅದೇ ಪಟ್ಟಿಯನ್ನು ಮುಖ್ಯಾಧಿಕಾರಿಗೂ ಗುತ್ತಿಗೆದಾರರಿಗೂ ಕಳಿಸಿ, ಹದಿನೈದು ದಿನ ಸಮಯ ಕೊಟ್ಟು ವಿವರಣೆ ಕೇಳಿ. ಮಾನನಷ್ಟದ ಭಯ ಒಂದು ಕಡೆ ಇರಲಿ. ಅವರ ಉತ್ತರದಲ್ಲೇ ನಿಮಗೆ ಗೊತ್ತಿಲ್ಲದ ಒಂದು ಕಾಗದ ಹೊರಗೆ ಬರುವುದು ನಾನು ಎಷ್ಟೋ ಸಲ ಕಂಡಿದ್ದೇನೆ.

ಕಾಗದ ಅಂದಾಗ ನೆನಪಾಯಿತು. 73ನೇ ಪುಟದಲ್ಲಿ ಜೂನ್ 19ಕ್ಕೆ ‘ಯಾವ ಲೆಕ್ಕ ಶೀರ್ಷಿಕೆ’ ಅಂತ ಕೇಳಿದ್ದಾರೆ. ನೀವು ಕಳಿಸಿದ ಮುಂದಿನ ಪುಟ 75. ಅದರಲ್ಲಿ 22-11-2023ಕ್ಕೆ ‘ಠೇವಣಿ ಪಾವತಿಸಲಾಗಿದೆ’ ಅಂತ ಇದೆ. ನಡುವೆ 156 ದಿನ. ಒಂಬತ್ತು ತಿಂಗಳ ಗಡುವು ಮುಗಿದು ಹೋದದ್ದೂ ಈ 156 ದಿನದ ಒಳಗೇ. 74 ಎಲ್ಲಿ? ಮುಖ್ಯ ಅನಿಸಲಿಲ್ಲ ಅಂತ ನೀವು ಬಿಟ್ಟಿದ್ದರೆ ಮೊದಲು ಅದನ್ನು ಕಳಿಸಿ. ನಿಮ್ಮ ಕಟ್ಟಿನಲ್ಲೇ ಇಲ್ಲದಿದ್ದರೆ, 1ರಿಂದ 143ರವರೆಗೆ ಪುಟ ಸಂಖ್ಯೆ ಎಣಿಸಿ ಇನ್ನೂ ಯಾವುದು ಇಲ್ಲ ಅಂತ ಪಟ್ಟಿ ಮಾಡಿ. ಎಐ ಕೈಗೆ ಕೊಟ್ಟ ಪುಟಗಳನ್ನು ಮಾತ್ರ ಓದುತ್ತದೆ, ಇಲ್ಲದ ಪುಟ ಯಾಕಿಲ್ಲ ಅಂತ ತಾನಾಗಿ ಕೇಳುವುದಿಲ್ಲ. ಆಮೇಲೆ ಹತ್ತು ರೂಪಾಯಿ ಕಟ್ಟಿ ಹೊಸ ಅರ್ಜಿ ಹಾಕಿ. ಈ ಸಲ ಒಂದೇ ಸಾಲು ಸಾಕು: ‘ಸದರಿ ಕಡತದ ಪುಟ ಸಂಖ್ಯೆ 74ರ ದೃಢೀಕೃತ ಪ್ರತಿ ನೀಡುವುದು.’